ಶಾಂತಕ್ಕನಿಗೊಂದು ಸೀಟು

ಬಾಯಿ ಮುಚ್ಚಿಕೊಂಡಿರಬೇಕೆಂಬ ಶಿಕ್ಷೆಯನ್ನು ಮಾತ್ರ ಯಾವ ಕೋರ್ಟೂ ನನಗೆ ವಿಧಿಸಲಿಲ್ಲ. ವಿಧಿಸಿದ್ದರೆ ಮೊದಲ ದಿನವೇ ಮುರಿಯುತ್ತಿದ್ದೆ. ಉಳಿದ ಶಿಕ್ಷೆಯನ್ನೆಲ್ಲ ಅಚ್ಚುಕಟ್ಟಾಗಿ ಅನುಭವಿಸುತ್ತಿದ್ದೇನೆ. ತಪ್ಪು ನನ್ನದೇ, ತಕರಾರಿಲ್ಲ. ಹತ್ತು ವರ್ಷ ಗೋಡೆಯೊಳಗೆ ನೆಟ್ಟಗೆ ನಡೆದುಕೊಂಡೆನೆಂದು ಆಮೇಲೆ ಹೆಂಗಸರ ತೆರೆದ ಜೈಲಿಗೆ ಕಳಿಸಿದರು. ಅಲ್ಲಿ ಎತ್ತರದ ಗೋಡೆಯಿಲ್ಲ, ಕೋಣೆಗೆ ಬೀಗವಿಲ್ಲ. ಹೊಲದಲ್ಲಿ ಬದನೆ, ಮೆಂತ್ಯ ಬೆಳೆಯುತ್ತೇವೆ. ಬೆಳಿಗ್ಗೆ ಸಂಜೆ ಸಾಲಾಗಿ ನಿಂತು ಎಣಿಕೆಗೆ ‘ಹಾಜರ್’ ಎಂದರಾಯಿತು. ಮೆಂತ್ಯದ ಕಟ್ಟು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಭ ಬೇರೆ.

ಕಳೆದ ಸಲ ಜೈಲಿನಿಂದ ಕೆಲವು ದಿನದ ರಜೆ ಸಿಕ್ಕಿ ಮುಂಬಯಿ ಹತ್ತಿರದ ಡೊಂಬಿವಲಿಯ ಮಗಳ ಮನೆಗೆ ಹೊರಟಾಗ, ರಿಕ್ಷಾದಲ್ಲಿ ಕೂತ ಕೂಡಲೇ ಮಗಳು ವಿದ್ಯಾ ತಾಕೀತು ಮಾಡಿದಳು. “ಅಮ್ಮಾ, ನೀನು ಕಲ್ಯಾಣದಾಚೆ ಆಶ್ರಮದಲ್ಲಿ ಕೆಲಸಕ್ಕಿದ್ದಿ ಅಂತ ಬಿಲ್ಡಿಂಗಿನವರಿಗೆ ಹೇಳಿದ್ದೇನೆ. ನಿಜ ಗೊತ್ತಾದ್ರೆ ಓನರ್ ರೂಮ್ ಖಾಲಿ ಮಾಡಿಸ್ತಾನೆ. ಮಾತು ಸ್ವಲ್ಪ ಕಡಿಮೆ ಮಾಡು.”

“ಆಯ್ತು ಮಾರಾಯ್ತಿ” ಎಂದೆ. ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಎದುರುಮನೆಯ ಸುನೀತಾ, ಬಿಜಾಪುರದ ಕಡೆಯವಳು, ಆಶ್ರಮ ಹೇಗಿದೆ ಎಂದು ಕೇಳಿದಳು. ಕೇಳಬಾರದಿತ್ತು. ಹೊತ್ತಿಗೆ ಸರಿಯಾಗಿ ಊಟ, ಕಾಯಿಲೆಯಾದರೆ ಡಾಕ್ಟರು, ಸಂಜೆ ಭಜನೆ, ಜಗಳ ಬಿಡಿಸಲು ಮೇಡಂ, ನಮ್ಮ ಮೆಂತ್ಯ ವಾಶಿ ಮಾರ್ಕೆಟ್ಟಿನವರೆಗೂ ಹೋಗುವುದು, ಎಲ್ಲ ಹೇಳಿಬಿಟ್ಟೆ. ಒಂದೂ ಸುಳ್ಳಲ್ಲ. ಸುನೀತಾಳ ಕಣ್ಣರಳಿತು. “ನಮ್ಮ ಅತ್ತಿಗೊಂದು ಸೀಟ್ ಸಿಗ್ತದೇನ್ ನೋಡ್ರಿ ಮೌಶಿ. ಫಾರ್ಮ್ ನಾನೇ ತುಂಬ್ತೀನಿ.”

ವಿದ್ಯಾ ಒಳಗಿನಿಂದ ದುರುಗುಟ್ಟಿ ನೋಡಿದ ಹಾಗೆ ಜೈಲಿನ ಮೇಡಂ ಕೂಡ ನನ್ನನ್ನು ನೋಡಿದ್ದಿಲ್ಲ. “ನೇರ ತೆಗೆದುಕೊಳ್ಳುವುದಿಲ್ಲಮ್ಮ, ಮೊದಲು ಬೇರೆ ಶಾಖೆಯಲ್ಲಿ ಕೆಲವು ವರ್ಷ ಇರಬೇಕು” ಎಂದೆ.

“ವಶೀಲಿ ಹಚ್ಚಿದ್ರ ಆಗೂದಿಲ್ಲೇನ್ರಿ?” ಎಂದಳು.

ಮರುದಿನ ಸುನೀತಾ, ಅವಳ ಗಂಡ ಇಬ್ಬರೂ ಲೋಕಲ್ ಹಿಡಿಯಲು ಓಡಿದ ಮೇಲೆ, ಎದುರುಮನೆಯ ಸೇಫ್ಟಿ ಡೋರಿನ ಸರಳುಗಳ ಹಿಂದೆ ಅವಳ ಅತ್ತೆ ಶಾಂತಕ್ಕ ನಿಂತಿದ್ದರು. ಹೊರಗೆ ಬೀಗ. ಒಮ್ಮೆ ಕೆಳಗಿಳಿದು ದಾರಿ ತಪ್ಪಿದ್ದರಂತೆ; ಅಂದಿನಿಂದ ದಿನವೂ ಸಂಜೆಯವರೆಗೆ ಹೀಗೆ. ಮಗ-ಸೊಸೆಯನ್ನು ಬೈಯುವ ಹಾಗೂ ಇಲ್ಲ, ಇಬ್ಬರೂ ದುಡಿಯಬೇಕು. “ಯವ್ವಾ, ನನಗ ಸೀಟ್ ಐತೇನು?” ಎಂದರು. ಆ ಮುಖದ ಆಸೆ ನೋಡಿ ಸುಳ್ಳು ಮುಂದುವರಿಸಲಾಗಲಿಲ್ಲ. ಮಗಳ ತಾಕೀತು ಚೆನ್ನಾಗಿ ನೆನಪಿತ್ತು, ಆದರೂ ಸರಳಿನ ಹತ್ತಿರ ಹೋಗಿ ಹೇಳಿದೆ: “ಶಾಂತಕ್ಕ, ಅದು ಆಶ್ರಮ ಅಲ್ಲ, ಜೈಲು. ನಾನು ಅಲ್ಲಿಯ ಕೈದಿ.”

ಅವರು ಬೆಚ್ಚಲಿಲ್ಲ. “ಅಲ್ಲೆ ಕೀಲಿ ಹಾಕ್ತಾರೇನು?”

“ಇಲ್ಲ.”

“ಹಗಲೆಲ್ಲಾ ಮಾತಾಡಾಕ ಮಂದಿ ಇರ್ತಾರ?”

“ಬೇಡ ಅಂದ್ರೂ ಇರ್ತಾರೆ.” ಸರಳಿಗೆ ಇನ್ನೂ ಹತ್ತಿರ ಸರಿದೆ. “ಸುನೀತಾಗೆ ಹೇಳ್ಬೇಡಿ. ನನ್ನ ಮಗಳು ಇಲ್ಲಿ ಬಾಳ್ಬೇಕು” ಎಂದು ಕೈಮುಗಿದೆ.

“ನಾ ಯಾಕ ಹೇಳ್ಲಿ, ಬಿಡ ಯವ್ವಾ” ಎಂದರು. ಆಮೇಲೆ ಮೆಟ್ಟಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: “ಏನ್ ತಪ್ಪು ಮಾಡಿದ್ರ ತೊಗೋತಾರ?”

ನನ್ನ ತಪ್ಪೇನೆಂದು ಪೊಲೀಸರು ಕೇಳಿದ್ದಾರೆ, ವಕೀಲರು ಕೇಳಿದ್ದಾರೆ, ನೆಂಟರಂತೂ ಕೇಳಿ ಕೇಳಿ ದಣಿದಿದ್ದಾರೆ. ಕಲಿತುಕೊಳ್ಳಲೆಂದು ಕೇಳಿದವರು ಇವರೊಬ್ಬರೇ. ಅದನ್ನು ಹೇಳಲು ಜಡ್ಜ್ ಸಾಹೇಬರ ಮುಂದೆಯೂ ನಾನು ಅಷ್ಟು ನಾಚಿರಲಿಲ್ಲ.