ಬುದ್ಧನ ಗುಡಿಗೆ ಬಂದೋರು

ತರೀಕೆರೆ ಹಳೇ ಪೇಟೇಲಿರೋ ನಮ್ಮ ಬುದ್ಧನ ಗುಡಿಗೆ ಯಾರೇ ಬರ್ಲಿ, ಏನಾದ್ರೂ ಒಂದು ಎಡವಟ್ಟು ಆಗ್ದೆ ಇರಲ್ಲ. ಗುಡಿ ದೊಡ್ಡದೇನಲ್ಲ. ಈ ಕಡೆ ಪಾತ್ರೆ ಅಂಗಡಿ, ಆ ಕಡೆ ಟೈಲರ್ ಅಂಗಡಿ, ನಡುವೆ ಕಲ್ಲಿನ ಒಂದು ಹಳೇ ಕೋಣೆ. ಒಳಗೆ ಯಾವ ಕಾಲದವ್ರೋ ಕಡೆದಿಟ್ಟ ಪುಟ್ಟ ಬುದ್ಧ, ಎಡಕ್ಕೊಂದು ಬಲಕ್ಕೊಂದು ಟೇಬಲ್ ಫ್ಯಾನು. ನಾನು ಕಾಲೇಜು ಬಿಟ್ಟು ಆಟೋ ಓಡಿಸ್ತೀನಿ. ಗುಡಿ ಮುಂದೆ ಒಳ್ಳೇ ನೆರಳಿದೆ, ಅಲ್ಲೇ ನಿಲ್ಸ್ತೀನಿ. ಭಕ್ತಿ ಅಂತೆಲ್ಲ ತಿಳ್ಕೋಬೇಡಿ.

ದಿನಾ ಬಾಗ್ಲು ತೆಗೆದು ಗುಡ್ಸೋದು ಒಬ್ಬ ತಾತ. ಪಾಪ, ಅವ್ರಿಗೆ ಒಂದೇ ಚಿಂತೆ. "ಯಾರೂ ಬರಲ್ಲ, ಇನ್ಮೇಲೆ ಬುದ್ಧ ಪೂರ್ಣಿಮೆಗೆ ಮಾತ್ರ ತೆಗೆದ್ರೆ ಸಾಕು" ಅಂತ ಗುಡಿ ಕಮಿಟಿ ಹಿರೀಕರು ಹಟ ಹಿಡಿದಿದ್ದಾರೆ. "ಬರ್ತಾರೆ ಕಣ್ರಪ್ಪಾ, ಬಂದು ಧ್ಯಾನ ಮಾಡ್ತಾರೆ" ಅಂತಾರೆ ತಾತ. ಬರೋದೇನೋ ಬರ್ತಾರೆ.

ಉಸಿರು

ಶಿವನಿಯಿಂದ ಒಬ್ರು ಹಣ್ಣು ಕಾಯಿ ಹಿಡ್ಕೊಂಡು ಬಂದ್ರು. "ಅರ್ಚನೆ ಮಾಡಿ ಸ್ವಾಮಿ."

"ಇಲ್ಲಿ ಅರ್ಚನೆ ಇಲ್ಲಪ್ಪಾ. ಸುಮ್ನೆ ಕೂತು ನಿನ್ ಉಸಿರು ನೀನು ನೋಡ್ಕೋ" ಅಂದ್ರು ತಾತ.

ಅವರು ಕಾಯಿ ಕಂಕುಳಿಗೆ ಸಿಗಿಸ್ಕೊಂಡು ಅಂದ್ರು: "ಉಸಿರು ನೋಡ್ಕೊಳ್ಳೋಕೆ ಬೀರೂರಲ್ಲಿ ರೈಲು ಬದಲಾಯ್ಸಿ ಬರ್ಬೇಕಿತ್ತಾ?"

ಹೊಸ ಬೈಕು

ಒಬ್ಬ ಹುಡುಗ ಹೊಸ ಬೈಕಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, "ತಾತ, ಪೂಜೆ" ಅಂದ.

"ಇವ್ರು ಕುದುರೆ, ರಥ ಎಲ್ಲಾ ಬಿಟ್ಟು ನಡ್ಕೊಂಡೇ ಹೋದೋರು ಕಣಪ್ಪಾ."

ಹುಡುಗ ಗಾಡೀನ ಬಾಗಿಲ ಮುಂದಿಂದ ತಳ್ಕೊಂಡು ಹೋಗಿ ಟೈಲರ್ ಅಂಗಡಿ ಹಿಂದೆ ನಿಲ್ಸಿ, ಬಂದು ನನ್ನ ಕಿವೀಲಿ ಅಂದ: "ಅಣ್ಣಾ, ಅಲ್ಲಿಟ್ರೆ ಬುದ್ಧನಿಗೆ ಕಾಣಲ್ಲ ತಾನೇ?"

ನನ್ನ ಧ್ಯಾನ

ಕಮಿಟೀಲಿ ದೊಡ್ಡೋರು ನಮ್ಮ ದೊಡ್ಡಪ್ಪ. ಅವ್ರು ನೋಡೋಕೆ ಬರ್ತಾರೆ ಅಂತ ಗೊತ್ತಾಗಿ ತಾತ ನನ್ನನ್ನೇ ಹಿಡ್ಕೊಂಡು ಕಣ್ಮುಚ್ಚಿಸಿ ಕೂರ್ಸಿದ್ರು. ಕಲ್ಲು ತಣ್ಣಗಿತ್ತು. ಎಚ್ಚರಾದಾಗ ನಾನು ಮಲಗಿದ್ದೆ, ದೊಡ್ಡಪ್ಪ ನಿಂತಿದ್ರು.

"ಗಾಢವಾದ ಧ್ಯಾನ" ಅಂದ್ರು ತಾತ.

"ಸುಮ್ನಿರಯ್ಯಾ. ಇವ್ನು ಕಾಲೇಜಲ್ಲಿ ಕಲ್ತಿದ್ದು ಇದೊಂದೇ."

ಸೇವಂತಿಗೆ

ಮೊನ್ನೆ ಸಖರಾಯಪಟ್ಟಣದ ಒಬ್ರು ಅಮ್ಮನ್ನ ಬಸ್ ಸ್ಟ್ಯಾಂಡಿಂದ ನಾನೇ ಕರ್ಕೊಂಡ್ಬಂದೆ. ಬುದ್ಧನ ತಲೆ ಮೇಲೊಂದು ಸೇವಂತಿಗೆ ಇಟ್ಟು ಎದುರಿಗೆ ಕೂತ್ರು. ಕೂತ್ರು ಅಂದ್ರೆ ಕೂತ್ರು. ಮಾತಿಲ್ಲ, ಅಲ್ಲಾಟ ಇಲ್ಲ, ರೆಪ್ಪೆ ಕೂಡ ಹೊಡೀಲಿಲ್ಲ. ತಾತನ ಕಣ್ಣಲ್ಲಿ ನೀರು.

"ಲೇ, ಹೋಗಿ ಹಿರೀಕರನ್ನ ಕರ್ಕೊಂಬಾರೋ! ಓಡು!"

ಆಟೋ ತುಂಬಾ ಹಿರೀಕರು ಬಂದ್ರು. ಬಾಗ್ಲಲ್ಲೇ ಬಾಯಿ ಮುಚ್ಕೊಂಡ್ರು. ದೊಡ್ಡಪ್ಪ ಹೆಗಲಿನ ಟವೆಲ್ ತೆಗೆದು ಮೆಲ್ಲಗೆ ಕೂತ್ರು. ಉಳಿದೋರೂ ಕೂತ್ರು. ತಾತ ಗೆದ್ಬಿಟ್ರು ಅಂದ್ಕೊಂಡೆ.

ಅಷ್ಟರಲ್ಲಿ ಹೂ ಜಾರಿ ಬಿತ್ತು. ಆಯಮ್ಮ ಎದ್ದು ಕುಣಿದ್ರು. "ಬಲಗಡೆ ಹೂ ಕೊಟ್ಟ ಕಣ್ರೀ! ನನ್ ಮಗಳಿಗೆ ಆ ಗಂಡೇ ಗಟ್ಟಿ. ಎಡಕ್ಕೆ ಬಿದ್ದಿದ್ರೆ ಬೇಡ ಅಂತಿದ್ದೆ!"

"ತಾಯಿ, ಇವ್ರು ಹಂಗೆಲ್ಲ ಅಪ್ಪಣೆ ಕೊಡೋರಲ್ಲ" ಅಂದ್ರು ತಾತ, ಮುಖ ಸಣ್ಣಗೆ ಮಾಡ್ಕೊಂಡು.

"ಕೊಟ್ರಲ್ಲ! ಇಷ್ಟೂ ಜನ ನೋಡಿದ್ರಲ್ಲ!" ಅಂತ ಅವರು ಹೊರಟೇ ಹೋದ್ರು.

ಮುಗೀತು, ನಾಳೆಯಿಂದ ಬೀಗ ಅಂದ್ಕೊಂಡೆ. ದೊಡ್ಡಪ್ಪ ಎದ್ದು, ಬಿದ್ದ ಹೂ ಎತ್ಕೊಂಡು ತಾತನ ಕೈಗೆ ಕೊಟ್ರು. "ನಮ್ ನಮ್ಮಲ್ಲಿ ಜಗಳ ಯಾಕಯ್ಯಾ? ದಿನಾ ಬಾಗ್ಲು ತೆಗೀಬೇಕೋ ಬೇಡ್ವೋ, ಅವ್ರನ್ನೇ ಕೇಳ್ಬಿಡೋಣ. ಇಡು."

ಬುದ್ಧನ್ನ ಏನೂ ಬೇಡ್ಬಾರ್ದು ಅಂತ ಜೀವಮಾನವೆಲ್ಲ ಊರಿಗೆ ಪಾಠ ಹೇಳಿದ ತಾತ ಹೂವನ್ನ ನೋಡಿದ್ರು, ಹಿರೀಕರನ್ನ ನೋಡಿದ್ರು. ಆಮೇಲೆ ಹೂವನ್ನ ಚೂರು ಬಲಕ್ಕೆ ವಾಲ್ಸಿ, ತುತ್ತತುದೀಲಿಟ್ಟು, ಕೈಮುಗಿದು, ತುಟಿ ಅಲ್ಲಾಡಿಸ್ದೆ ನನಗೆ ಅಂದ್ರು:

"ಲೇ, ಎಡಗಡೆ ಫ್ಯಾನ್ ಹಾಕು. ಜೋರಾಗಿ."