ಹಸಿ ಹಾಲಿನ ಟ್ರಯಲ್

ಮಗಳು ಹುಟ್ಟಿದ ಮೇಲೆ ನಮ್ಮ ಮನೆಯ ಮಂತ್ರಿಮಂಡಲದಲ್ಲಿ ನನಗೆ ದಕ್ಕಿದ್ದು ಒದ್ದೆ ಬಟ್ಟೆಯ ಖಾತೆ ಮಾತ್ರ. ಒಗೆಯುವುದು, ಒಣಗಿಸುವುದು, ಮಡಚಿಡುವುದು. ಆಹಾರ ಖಾತೆ ಪೂರ್ತಿ ಹೆಂಡತಿಯ ಕೈಯಲ್ಲಿ. ಮಗು ಅತ್ತಿತೆಂದು ನಾನು ಎತ್ತಿಕೊಂಡರೆ, ಅದು ನನ್ನ ಅಂಗಿಯನ್ನು ಒಮ್ಮೆ ಚೀಪಿ ನೋಡಿ, ಇವನ ಹತ್ತಿರ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಇನ್ನೂ ಜೋರಾಗಿ ಅಳುತ್ತಿತ್ತು. ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಗುತ್ತಿತ್ತು. ದಿನಕ್ಕೆ ಒಂದು ಹೊತ್ತಾದರೂ ಮಗಳಿಗೆ ನನ್ನ ಕೈಯಾರೆ ಹಾಲು ಕುಡಿಸಬೇಕು ಎನ್ನುವುದೊಂದೇ ನನ್ನ ಆಸೆ.

(ಮಗಳನ್ನು ನಾನು ಗುಂಡಿ ಎಂದು ಕರೆಯುತ್ತೇನೆ. ನಾನು ದರ್ಜಿ. ಆದ್ದರಿಂದ ಅಂಗಿಯ ಗುಂಡಿ ಎಂದುಕೊಳ್ಳಿ, ರಸ್ತೆಯದಲ್ಲ.)

ಗುಂಡಿಗೆ ಐದು ತಿಂಗಳಾಗುವ ಹೊತ್ತಿಗೆ ಅವಕಾಶ ತಾನಾಗಿಯೇ ಒದಗಿತು. ಹೆಂಡತಿಯ ರಜೆ ಮುಗಿದು, ಸೋಮವಾರದಿಂದ ಅವಳು ಅಂಚೆ ಕಚೇರಿಯ ಕೌಂಟರಿಗೆ ಮರಳಬೇಕಿತ್ತು. ನನ್ನ ಹೊಲಿಗೆ ಅಂಗಡಿ ಇರುವುದು ಮನೆಯ ಮುಂದಿನ ಕೋಣೆಯಲ್ಲೇ. ನಾನು ಎದೆಯುಬ್ಬಿಸಿ ಘೋಷಿಸಿದೆ:

"ಮಧ್ಯಾಹ್ನದ ಹಾಲಿನ ಚಿಂತೆ ಬಿಡು. ಬೀದಿ ಕೊನೇಲಿ ಹಸು ಸಾಕಿರೋ ನಮ್ಮ ಗಿರಾಕಿ ಇದ್ದಾರಲ್ಲ, ಅವರ ಹತ್ರ ಮಾತಾಡಿದೀನಿ. ಕರೆದ ಬಿಸಿ ಆರೋದ್ರೊಳಗೆ ಹಸಿ ಹಾಲು ಗುಂಡಿ ಬಾಯಿಗೆ!"

"ತಲೆಗಿಲೆ ಕೆಟ್ಟಿದೆಯೇನ್ರಿ? ಡಾಕ್ಟರಮ್ಮ ಅಷ್ಟು ಬಿಡಿಸಿ ಹೇಳಿದಾಗ ಎಲ್ಲಿ ನೋಡ್ತಿದ್ರಿ? ಹಸಿ ಹಾಲಲ್ಲಿ ಕ್ರಿಮಿ ಇರುತ್ತೆ. ಕಾಯಿಸಿದ್ರೂ ಅಷ್ಟೇ, ವರ್ಷ ತುಂಬೋ ತನಕ ತಾಯಿ ಹಾಲಿನ ಬದಲಿಗೆ ಹಸುವಿನ ಹಾಲು ಕೂಡದು. ಮೂತ್ರಪಿಂಡಕ್ಕೆ ಭಾರ, ಕಬ್ಬಿಣದ ಅಂಶಾನೂ ಸಾಲದು."

(ಡಾಕ್ಟರಮ್ಮ ಇದನ್ನೆಲ್ಲ ಹೇಳುವಾಗ ನಾನು ಅವರ ಬಿಳಿ ಕೋಟಿನ ಭುಜದ ಹೊಲಿಗೆ ಸೊಟ್ಟಗಿರುವುದನ್ನು ನೋಡುತ್ತಿದ್ದೆ.)

"ನಾನು ಹಸಿ ಹಾಲು ಕುಡಿದೇ ಬೆಳೆದವನು. ನೋಡು ಹೇಗಿದೀನಿ!"

"ನೋಡ್ತಾನೇ ಇದೀನಲ್ಲ. ನಿಮಗೆ ಹಲ್ಲು ಬಂದು ಕಚ್ಚೋಕೆ ಶುರು ಮಾಡಿದ್ರೂ ಅತ್ತೆಯವರು ಎದೆಹಾಲೇ ಕೊಡ್ತಿದ್ರಂತೆ, ಅವರೇ ಹೇಳಿದಾರೆ."

ನನ್ನ ತಾಯಿ ಶತ್ರುಪಾಳಯಕ್ಕೆ ಯಾವಾಗ ಸೇರಿಕೊಂಡರೋ ತಿಳಿಯದು. ಆದರೂ ನಾನು ಜಗ್ಗಲಿಲ್ಲ. ಆಗ ಹೆಂಡತಿ ನನ್ನ ಕಸುಬಿಗೇ ಕೈ ಹಾಕಿದಳು.

"ಒಂದು ಕೋಟನ್ನೂ ಗಿರಾಕಿ ಮೈಮೇಲೆ ಟ್ರಯಲ್ ನೋಡದೆ ಪಕ್ಕಾ ಹೊಲಿಗೆ ಹಾಕೋರಲ್ಲ ನೀವು. ಮಗೂ ಹೊಟ್ಟೆಗೆ ಟ್ರಯಲ್ ಬೇಡ್ವಾ? ಭಾನುವಾರದ ತನಕ ದಿನಾ ಬೆಳಗ್ಗೆ ನೀವೇ ಕುಡೀರಿ. ನೀವು ಕಲ್ಲುಗುಂಡಿನ ಹಾಗಿದ್ರೂ ಮಗೂಗೆ ನಾನು ಕೊಡಲ್ಲ, ಆ ಮಾತು ಬೇರೆ."

ಮಾತಿನ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡು ನಾನು ಒಪ್ಪಿದೆ. ಟ್ರಯಲ್ ಎಂದ ಮೇಲೆ ದರ್ಜಿ ಹಿಂಜರಿಯುವುದುಂಟೆ?

ಮೊದಲ ದಿನ ದೊಡ್ಡ ಲೋಟದ ತುಂಬಾ ಹಸಿ ಹಾಲನ್ನು ಗಟಗಟ ಕುಡಿದು, ನೊರೆಯ ಮೀಸೆಯನ್ನು ಒರೆಸಿಕೊಳ್ಳದೆ ಅವಳೆದುರು ಓಡಾಡಿದೆ. ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ನನ್ನ ಗತ್ತು ಎಷ್ಟು ಏರಿತೆಂದರೆ, ಅಳತೆ ಕೊಡಲು ಬಂದ ಗಿರಾಕಿಗಳಿಗೂ ಹಸಿ ಹಾಲಿನ ಉಪನ್ಯಾಸ ಕೊಡತೊಡಗಿದೆ.

ಶನಿವಾರ ಒಬ್ಬರ ಸೊಂಟದ ಅಳತೆ ತೆಗೆಯುತ್ತಿದ್ದಾಗ ನನ್ನ ಹೊಟ್ಟೆಯೊಳಗೆ ಗುಡುಗಿತು. ಟೇಪನ್ನು ಅವರ ಸೊಂಟದಲ್ಲೇ ಬಿಟ್ಟು ಓಡಿದೆ. ಮರಳಿ ಬಂದು "ಮೂವತ್ತ..." ಎನ್ನುವಷ್ಟರಲ್ಲಿ ಮತ್ತೆ ಓಡಿದೆ. ಆಮೇಲೆ ಬಂದದ್ದು ವಾಂತಿ, ಜ್ವರ. ಆದರೂ ಪಾಯಿಖಾನೆಯ ಬಾಗಿಲ ಹಿಂದಿನಿಂದ, "ಇದು ಹಾಲಿಂದಲ್ಲ, ಹವಾಮಾನದಿಂದ!" ಎಂದು ಕೂಗುವಷ್ಟು ಛಲ ನನ್ನಲ್ಲಿ ಉಳಿದಿತ್ತು.

ಡಾಕ್ಟರಮ್ಮ ನನ್ನನ್ನು ನೋಡಿ ನಗಲಿಲ್ಲ. "ನಿಮಗೇ ಹೀಗಾಗಿದೆ. ಆ ಮಗು ಕುಡಿದಿದ್ರೆ ಜೀವಕ್ಕೇ ಅಪಾಯ ಆಗ್ತಿತ್ತು," ಎಂದರು. ನನ್ನ ಛಲವೆಲ್ಲ ಅಲ್ಲೇ ಇಳಿದುಹೋಯಿತು. "ಪೂರ್ತಿ ಗುಣವಾಗೋ ತನಕ ಮಗೂನ ಮುಟ್ಟಬೇಡಿ, ಅದರ ಪಾತ್ರೆಗಳನ್ನೂ ಮುಟ್ಟಬೇಡಿ," ಎಂದೂ ಹೇಳಿದರು.

ಮನೆಗೆ ಬಂದ ಮೇಲೆ ಹೆಂಡತಿ ಫ್ರಿಜ್ ತೆರೆದು ತೋರಿಸಿದಳು. ಅವಳದೇ ಹಾಲು, ಮುಚ್ಚಳವಿರುವ ಪುಟ್ಟ ಬಾಟಲಿಗಳಲ್ಲಿ ಸಾಲಾಗಿ ಕೂತಿತ್ತು.

"ಹಿಂಡಿ ಇಟ್ಟಿದೀನಿ. ಮಧ್ಯಾಹ್ನ ನೀವೇ ಬಟ್ಟಲಲ್ಲಿ ಕುಡಿಸಬೇಕು ಅಂತಿದ್ದೆ ಕಣ್ರಿ. ಅವಳಿಗೆ ಹಾಲು ಕುಡಿಸೋಕೆ ನಿಮಗೆಷ್ಟು ಆಸೆ ಅಂತ ನನಗೆ ಗೊತ್ತಿಲ್ವಾ? ಸೋಮವಾರ ಬೆಳಗ್ಗೆ ತೋರಿಸಿ ಖುಷಿಪಡಿಸೋಣ ಅಂದ್ಕೊಂಡಿದ್ದೆ."

ನಾನು ಗೋಡೆಗೆ ಮುಖ ತಿರುಗಿಸಿ ಮಲಗಿದೆ. ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನಾಚಿಕೆ, ಅಷ್ಟೆ.

ಸೋಮವಾರ ನನ್ನ ಜಾಗಕ್ಕೆ ಬಾಮೈದನ ನೇಮಕವಾಯಿತು. ಕುಡಿದ ನೀರಿನ ಲೋಟವನ್ನೂ ಎತ್ತಿಡದ ಮಹಾನುಭಾವ! ಅವನು ಕೈಗೆ ಮೂರು ಸಲ ಸೋಪು ಹಚ್ಚಿ ತೊಳೆದು, ಗುಂಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ನಾನು ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಅವಳು ಚಪ್ಪರಿಸಿ ಕುಡಿದು, ಬಟ್ಟಲು ಖಾಲಿಯಾದಾಗ ಅವನ ಮೂಗು ಹಿಡಿದು ನಕ್ಕಳು.

"ಎಷ್ಟು ಸುಲಭ ಗೊತ್ತಾ ಭಾವ!" ಎಂದ ಪಾಪಿ.

ಮಗುವನ್ನು ತೊಟ್ಟಿಲಿಗೆ ಹಾಕಿ, ಮತ್ತೆ ಕೈ ತೊಳೆದು, ಅವನು ಇನ್ನೊಂದು ಬಟ್ಟಲು ಹಿಡಿದು ನನ್ನ ಮಂಚದತ್ತ ಬಂದ. ಉಪ್ಪು ಸಕ್ಕರೆಯ ನೀರು.

"ಅಕ್ಕ ಹೇಳಿ ಹೋಗಿದಾಳೆ, ಹಟ ಮಾಡಿದ್ರೆ ಮೂಗು ಹಿಡಿದು ಹುಯ್ಯಿ ಅಂತ. ಎಲ್ಲಿ ಭಾವ, ಬಾಯಿ ಆ ಅನ್ನಿ ನೋಡೋಣ..."

ನಾನು ಆ ಎಂದೆ.