ಗಾರೆ ನೀರಿನ ಪರೀಕ್ಷೆ

ಪುಟ್ಟರಾಜು ಮೇಷ್ಟ್ರ ಮನೆಯ ಹಜಾರದ ಗೋಡೆಗೆ ಮೂರು ವರ್ಷದಲ್ಲಿ ಮೂರು ಸಲ ಸಿಮೆಂಟು ಬಳಿಸಿದ್ದಾಯಿತು. ಮೂರು ಸಲವೂ ಅದು ಹಪ್ಪಳದಂತೆ ಉಬ್ಬಿ ಉದುರಿತು. ಹಳೇ ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು ಎಂದು ಯಾರೋ ಹೇಳಿದರು. ಗಾರೆ ಕೆಲಸ ಬಲ್ಲವರೆಂದು ಮೇಷ್ಟ್ರಿಗೆ ಸಿಕ್ಕವರು ಅರಕಲಗೂಡಿನ ಮಾದಯ್ಯ ಒಬ್ಬರೇ. ಎಪ್ಪತ್ತು ದಾಟಿದ ಅವರನ್ನು ಚನ್ನರಾಯಪಟ್ಟಣಕ್ಕೆ ಬರುವಂತೆ ಒಪ್ಪಿಸಲು ಮೇಷ್ಟ್ರು ಐದು ತಿಂಗಳು ಬಸ್ಸು ಹತ್ತಿಳಿದರು.

ಮಾದಯ್ಯ ಬಂದವರೇ ಹಿತ್ತಲಲ್ಲಿ ಎರಡು ಡ್ರಮ್ಮು ಇಡಿಸಿ, ಜಜ್ಜಿದ ಅಳಲೆಕಾಯಿ, ಬೆಲ್ಲ ಸುರಿದು, ನೀರು ತುಂಬಿಸಿ ಬಾಯಿ ಕಟ್ಟಿಸಿದರು.

"ಎರಡು ವಾರ ಕೊಳೀಲಿ ಸಾ. ಈ ನೀರು ಸುಣ್ಣಕ್ಕೆ ಬಿದ್ರೆ ಗ್ವಾಡೆ ಕಲ್ಲಾಯ್ತದೆ," ಎಂದು ಊರಿಗೆ ಹೋದರು.

ಎರಡು ವಾರ ಕಳೆದ ಭಾನುವಾರ ಬೆಳಿಗ್ಗೆ ವಾಪಸು ಬಂದು ಡ್ರಮ್ಮಿನ ಬಾಯಿ ಬಿಚ್ಚಿದರು. ವಾಸನೆ ನೆಂಟರಂತೆ ಕಾಂಪೌಂಡು ದಾಟಿ ಪಕ್ಕದ ಗಂಗಾಂಬಿಕೆಯವರ ಅಡುಗೆಮನೆಗೆ ನುಗ್ಗಿತು.

"ಮೇಷ್ಟ್ರೇ, ಏನಿದು?"

"ಗಾರೆ ನೀರು ಕಣಮ್ಮ."

"ನಮ್ಮೂರಲ್ಲಿ ಇದ್ಕೆ ಬೇರೆ ಹೆಸ್ರೈತೆ," ಎಂದು ಅವರು ಮೂಗಿಗೆ ಸೆರಗು ಹಿಡಿದು ಬೀದಿಗೆ ನಡೆದರು.

ಅರ್ಧ ಗಂಟೆಯಲ್ಲಿ ಹಿಂದಿನ ಬೀದಿಯ ಭೀಮ ಟವೆಲ್ಲಿನಲ್ಲಿ ಬಾಟಲಿ ಸುತ್ತಿಕೊಂಡು ಬಂದು ಮೇಷ್ಟ್ರ ಕಿವಿಯಲ್ಲಿ, "ಲೀಟ್ರು ಎಂಗೆ ಸಾ?" ಎಂದ. ಅದೇ ಹೊತ್ತಿಗೆ ಬೀದಿಯ ಸಂಘದ ಅಧ್ಯಕ್ಷ ಪರಮಶಿವಯ್ಯನವರು ಏಳೆಂಟು ಜನರೊಡನೆ ಹಿತ್ತಲಿಗೆ ಬಂದರು.

"ಮಕ್ಕಳಿಗೆ ಪಾಠ ಹೇಳೋರು ಮಾಡೋ ಕೆಲಸಾನೇನ್ರೀ ಇದು? ನಾನು ಸ್ಟೇಷನ್ನಿಗೆ ಫೋನ್ ಮಾಡಬೇಕಾಗ್ತದೆ."

ಮೇಷ್ಟ್ರ ಬಡ್ತಿಯ ಕಾಗದ ಹಾಸನದಲ್ಲಿ ಸಹಿಗೆ ಕಾಯುತ್ತಿತ್ತು. ಅವರು ಮಾದಯ್ಯನವರ ಕಡೆ ತಿರುಗಿದರು.

"ಅಳಲೆಕಾಯಿ, ಬೆಲ್ಲ, ಅಷ್ಟೇಯ ಸಾ," ಎಂದರು ಮಾದಯ್ಯ.

"ಹಾಗಾದ್ರೆ ಮೇಷ್ಟ್ರು ಕುಡಿದು ತೋರಿಸ್ಲಿ. ಅರ್ಧ ಗಂಟೆ ತೂರಾಡದೆ ಇದ್ರೆ ಒಪ್ಕೋತೀನಿ."

"ಬ್ಯಾಡಿ ಸಾ, ಅದು..." ಮಾದಯ್ಯ ಮಾತು ಮುಗಿಸುವಷ್ಟರಲ್ಲಿ ಮೇಷ್ಟ್ರು ದೊಡ್ಡ ಚೊಂಬು ಅದ್ದಿ ಗಟಗಟ ಕುಡಿದು ಮೀಸೆ ಒರೆಸಿಕೊಂಡಿದ್ದರು.

ಎಲ್ಲರೂ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಕೂತು ಗಡಿಯಾರ ನೋಡಿದರು. ಹತ್ತು ನಿಮಿಷ ಮೇಷ್ಟ್ರು ಧ್ವಜಸ್ತಂಭದಂತೆ ನಿಂತರು. ಇಪ್ಪತ್ತಕ್ಕೆ ಹಣೆ ಬೆವರಿತು. ಇಪ್ಪತ್ತೈದಕ್ಕೆ, "ಒಂದ್ನಿಮಿಷ," ಎಂದು ಹಿತ್ತಲ ಮೂಲೆಯ ಕಕ್ಕಸಿನ ಕಡೆ ನಡೆದರು. ಎಷ್ಟು ನೇರವಾಗಿ ನಡೆದರೆಂದರೆ, ಅದನ್ನು ತೂರಾಟ ಎನ್ನಲು ಯಾರಿಗೂ ಸಾಧ್ಯವಿರಲಿಲ್ಲ. ಬಂದರು. ಮತ್ತೆ ಹೋದರು.

"ಅದ್ನೇ ಯೋಳಕ್ಕೆ ಬಂದೆ," ಎಂದರು ಮಾದಯ್ಯ. "ಅಳಲೆಕಾಯಿ ಒಟ್ಟೆಗೆ ಬಿದ್ರೆ ಏನೂ ಉಳಿಸಾಕಿಲ್ಲ."

ಒಳಗಿದ್ದ ಮೇಷ್ಟ್ರಿಗೆ ಮೊದಲು ನಗು ಕೇಳಿಸಿತು. ಆಮೇಲೆ ಪಿಸುಮಾತು. ಆಮೇಲೆ ಪಾತ್ರೆಗಳ ಸದ್ದು.

ಮೂರು ಗಂಟೆಯ ಹೊತ್ತಿಗೆ ಅವರು ಗೋಡೆ ಹಿಡಿದುಕೊಂಡು ಹೊರಬಂದರು. ಹಿತ್ತಲಲ್ಲಿ ಜನವಿರಲಿಲ್ಲ. ಎರಡೂ ಡ್ರಮ್ಮು ಬೋರಲು ಬಿದ್ದಿದ್ದವು. ಮಾದಯ್ಯ ಗಾರೆ ಬಳಿಯುವ ಕರಣೆಯನ್ನು ಚೀಲಕ್ಕೆ ಹಾಕುತ್ತಿದ್ದರು.

"ಅಧ್ಯಕ್ಷರಿಗೆ ಅನ್ನೊಂದು ವರ್ಸದಿಂದ ಸಲೀಸಾಗಿಲ್ವಂತೆ ಸಾ. ನಿಮ್ಮನ್ನ ನೋಡಿ ಆಸೆಯಾಯ್ತಂತೆ. ಎರಡು ಕೊಡ ತಗಂಡೋದ್ರು. ಅವ್ರು ತಗಂಡ್ರು ಅಂತ ಎಲ್ರೂ ತಗಂಡ್ರು. ನೀವೂ ಒಳಗಿಂದ ಬ್ಯಾಡ ಅನ್ನಲಿಲ್ಲ."

"ಮತ್ತೆ ನೆನೆಹಾಕಾಣ ಮಾದಯ್ಯನೋರೇ."

"ಆಕಿ ಸಾ. ನಂಗೆ ನಾಳೆಯಿಂದ ಹೊಳೆನರಸೀಪುರದಾಗೆ ಕೆಲ್ಸ. ಯುಗಾದಿ ಕಳುದ್ಮೇಲೆ ಬತ್ತೀನಿ."

ಸಂಜೆ ಕಾಂಪೌಂಡಿನ ಮೇಲೆ ಪರಮಶಿವಯ್ಯನವರ ಮುಖ ಕಾಣಿಸಿತು. ಆ ಮುಖದಲ್ಲಿ ಅಂಥ ಶಾಂತಿಯನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ.

"ಮೇಷ್ಟ್ರೇ, ಮುಂದಿನ ಸಲ ನಾಲ್ಕು ಡ್ರಮ್ಮು ಹಾಕಿ," ಎಂದರು ಅವರು. "ಇಂಥ ಔಷಧಿನ ಗೋಡೆಗೆ ಬಳಿದು ಯಾಕೆ ದಂಡ ಮಾಡ್ತೀರಿ?"

ಮೇಷ್ಟ್ರು ಅಷ್ಟರಲ್ಲಾಗಲೇ ಬಕೆಟ್ಟು ಹಿಡಿದು ಮತ್ತೆ ಹಿತ್ತಲ ಮೂಲೆಗೆ ಹೊರಟಿದ್ದರು.